ರಟ್ಟೆಯ ಬಲ ದಾಟಿಬರುವ ಸೇತುವೆ: ಮಣಿಕಟ್ಟು

ಬೆಳಗಿನ ಹೊತ್ತು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಕುಳಿತವರ ಕೈಯನ್ನು ಒಮ್ಮೆ ಗಮನವಿಟ್ಟು ನೋಡಿರಿ. ಮೊಣಕೈ ಮಡಿಚಿದೆ; ಅಂಗೈ ಆಕಾಶಕ್ಕೆ ಮುಖಮಾಡಿದೆ; ಅಂಗೈ ಹಾಗೂ ಮುಂಗೈ ಕೂಡುವಲ್ಲಿ ಒಂದು ಸಣ್ಣ ಬಾಗು ಇದ್ದು, ಅದು ಅಂಗೈಯನ್ನು ಪೀಠದಂತೆ ಸಮತಟ್ಟಾಗಿ ನಿಲ್ಲಿಸಿದೆ. ಅದೇ ಮನೆಯ ಅಡುಗೆಕೋಣೆಯಲ್ಲಿ ಅದೇ ಹೊತ್ತಿಗೆ ತಾಯಂದಿರು ಜೋಳದ ರೊಟ್ಟಿ ಬಡಿಯುತ್ತಿರುತ್ತಾರೆ. ಅಲ್ಲಿ ಅಂಗೈ ನೆಲಕ್ಕೆ ಮುಖಮಾಡಿ, ಏಳುತ್ತ ಬೀಳುತ್ತ, ಹಿಟ್ಟಿನ ಮುದ್ದೆಯನ್ನು ತಿರುಗಿಸುತ್ತ ಹಿಗ್ಗಿಸುತ್ತಿರುತ್ತದೆ. ಪೂಜೆಯಲ್ಲಿ ನಿಶ್ಚಲವಾಗಿ ನಿಲ್ಲುವ ಕೀಲೂ ಕಾಯಕದಲ್ಲಿ ಎಡೆಬಿಡದೆ ದುಡಿಯುವ ಕೀಲೂ ಒಂದೇ. ಅದುವೇ ಮಣಿಕಟ್ಟು.

ನಮ್ಮ ರಟ್ಟೀಹಳ್ಳಿಯ ಹೆಸರನ್ನು ಹೇಳಿದೊಡನೆ ರಟ್ಟೆ ಎಂಬ ಮಾತು ನೆನಪಿಗೆ ಬರುವುದು ಸಹಜ. ಊರಿನ ಹೆಸರಿಗೂ ತೋಳಿಗೂ ನಂಟು ಇರಲಿ, ಬಿಡಲಿ, ದುಡಿಯುವವರ ಸೀಮೆಯಲ್ಲಿ ರಟ್ಟೆಯ ಕಸುವಿಗೆ ಇರುವ ಗೌರವ ದೊಡ್ಡದು. ಆದರೆ ಆ ಕಸುವು ಬೆರಳ ತುದಿಗೆ ತಲುಪಬೇಕಾದರೆ ಎರಡು ಅಂಗುಲದ ಒಂದು ಇಕ್ಕಟ್ಟಾದ ದಾರಿಯನ್ನು ಹಾದುಬರಬೇಕೆಂಬುದನ್ನು ನಾವು ಮರೆಯುತ್ತೇವೆ. ಮಣಿಕಟ್ಟು ಬಲವನ್ನು ಹುಟ್ಟಿಸುವ ಅಂಗವಲ್ಲ. ಬಲವನ್ನು ದಾಟಿಸುವ ಸೇತುವೆ. ಸೇತುವೆ ತನ್ನ ನೇರದಲ್ಲಿರುವವರೆಗೆ ಎಷ್ಟು ಭಾರವನ್ನಾದರೂ ತಾಳುತ್ತದೆ. ನೇರ ತಪ್ಪಿದರೆ ಸಣ್ಣ ಭಾರಕ್ಕೂ ನಲುಗುತ್ತದೆ. ಈ ತಿಂಗಳ ಆರೋಗ್ಯ ಚಿಂತನೆಯಲ್ಲಿ ಆ ಸೇತುವೆಯ ರಚನೆಯನ್ನೂ ಚಲನೆಯನ್ನೂ ತಿಳಿದುಕೊಂಡು, ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ವಿಚಾರಿಸೋಣ.

ಎಂಟು ಎಲುಬುಗಳ ಕಟ್ಟಡ

ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು ಇಲ್ಲಿ ಮುಂಗೈ ಎಂದು ಕರೆಯೋಣ. ಅದರಲ್ಲಿ ಎರಡು ಉದ್ದನೆಯ ಎಲುಬುಗಳಿವೆ. ಹೆಬ್ಬೆರಳಿನ ಕಡೆಗಿರುವುದು ರೇಡಿಯಸ್. ಕಿರುಬೆರಳಿನ ಕಡೆಗಿರುವುದು ಅಲ್ನಾ. ಇವೆರಡರ ತುದಿಗೂ ಅಂಗೈಯ ಐದು ಉದ್ದೆಲುಬುಗಳ ಬುಡಕ್ಕೂ ನಡುವೆ ಎಂಟು ಚಿಕ್ಕ ಎಲುಬುಗಳು ಎರಡು ಸಾಲಾಗಿ ಕುಳಿತಿವೆ. ಬಾಗಿಲಿನ ತಿರುಗಣಿಯಂತೆ ಮಣಿಕಟ್ಟು ಒಂದೇ ಕೀಲು ಎಂದು ತಿಳಿದವರಿಗೆ ಇದು ಅಚ್ಚರಿಯ ಸಂಗತಿ. ಇದು ಒಂದು ಕೀಲಲ್ಲ, ಅನೇಕ ಸಣ್ಣ ಕೀಲುಗಳ ಸಮೂಹ.

ಮುಂಗೈಗೆ ಹತ್ತಿರದ ಸಾಲಿನಲ್ಲಿ ಹೆಬ್ಬೆರಳ ಕಡೆಯಿಂದ ಎಣಿಸಿದರೆ ದೋಣಿಯಾಕಾರದ ಸ್ಕೇಫಾಯ್ಡ್, ಅರ್ಧಚಂದ್ರನಂಥ ಲ್ಯೂನೇಟ್, ಮೂರು ಮೂಲೆಯ ಟ್ರೈಕ್ವೆಟ್ರಲ್, ಬಟಾಣಿ ಕಾಳಿನಂಥ ಪಿಸಿಫಾರ್ಮ್ ಎಂಬ ನಾಲ್ಕು ಎಲುಬುಗಳಿವೆ. ಅಂಗೈಗೆ ಹತ್ತಿರದ ಸಾಲಿನಲ್ಲಿ ಟ್ರಪೀಝಿಯಮ್, ಟ್ರಪೀಝಾಯ್ಡ್, ಎಲ್ಲಕ್ಕಿಂತ ದೊಡ್ಡದಾದ ಕ್ಯಾಪಿಟೇಟ್ ಮತ್ತು ಕೊಕ್ಕೆಯುಳ್ಳ ಹ್ಯಾಮೇಟ್ ಇವೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ನಮ್ಮೂರ ಕದಂಬೇಶ್ವರ ದೇವಾಲಯದಂತಹ ಹಳೆಯ ಗುಡಿಗಳನ್ನು ನೆನೆಯಿರಿ. ಪ್ರತಿಯೊಂದು ಕಲ್ಲಿನ ಮುಖವೂ ಪಕ್ಕದ ಕಲ್ಲಿನ ಮುಖಕ್ಕೆ ಒಪ್ಪುವಂತಿರುತ್ತದೆ. ಮಣಿಕಟ್ಟಿನ ಎಲುಬುಗಳೂ ಹಾಗೆಯೇ. ಆದರೆ ಗುಡಿಯ ಕಲ್ಲು ಅಲುಗುವುದಿಲ್ಲ, ಇವು ಅಲುಗಬೇಕು. ಅದಕ್ಕಾಗಿ ಇವುಗಳ ಮುಖಗಳಿಗೆ ನುಣುಪಾದ ಮೃದ್ವಸ್ಥಿಯ ಲೇಪವಿದೆ, ಒಂದನ್ನೊಂದು ಬಿಡದಂತೆ ಹಿಡಿದಿಡುವ ಗಟ್ಟಿಯಾದ ನಾರುಕಟ್ಟುಗಳಿವೆ.

ಹುಟ್ಟಿದ ಕೂಸಿನ ಮಣಿಕಟ್ಟಿನಲ್ಲಿ ಈ ಎಂಟೂ ಇನ್ನೂ ಮೃದ್ವಸ್ಥಿಯ ರೂಪದಲ್ಲಿಯೇ ಇರುತ್ತವೆ, ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ. ಮೊದಲ ಕೆಲವು ತಿಂಗಳುಗಳಲ್ಲಿ ಕ್ಯಾಪಿಟೇಟ್ ಮತ್ತು ಹ್ಯಾಮೇಟ್ ಗಟ್ಟಿಯಾಗತೊಡಗುತ್ತವೆ. ವರ್ಷಗಳು ಕಳೆದಂತೆ ಉಳಿದವು ಒಂದೊಂದಾಗಿ ಮೂಡುತ್ತವೆ. ಬಟಾಣಿಯಂಥ ಪಿಸಿಫಾರ್ಮ್ ಕೊನೆಯದಾಗಿ ಬಾಲ್ಯ ಮುಗಿಯುತ್ತಿರುವ ಕಾಲಕ್ಕೆ ಕಾಣಿಸಿಕೊಳ್ಳುತ್ತದೆ. ಮಕ್ಕಳ ಎಲುಬಿನ ಬೆಳವಣಿಗೆಯನ್ನು ಅಳೆಯಲು ವೈದ್ಯರು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸುವುದು ಈ ಕಾರಣದಿಂದಲೇ.

ಚಲನೆಯ ಲೆಕ್ಕ

ಮಣಿಕಟ್ಟು ನಾಲ್ಕು ದಿಕ್ಕಿಗೆ ಬಾಗುತ್ತದೆ. ಅಂಗೈಯ ಕಡೆಗೆ ಸುಮಾರು 80 ಡಿಗ್ರಿ, ಹಿಂಗೈಯ ಕಡೆಗೆ ಸುಮಾರು 70 ಡಿಗ್ರಿ, ಕಿರುಬೆರಳ ಕಡೆಗೆ ಸುಮಾರು 30, ಹೆಬ್ಬೆರಳ ಕಡೆಗೆ ಸುಮಾರು 20. ಆದರೆ ಉಣ್ಣುವುದು, ಬರೆಯುವುದು, ಬಾಗಿಲು ತೆರೆಯುವುದು, ತಲೆ ಬಾಚುವುದು ಮುಂತಾದ ನಿತ್ಯದ ಬಹುಪಾಲು ಕೆಲಸಗಳಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ಅಂಗೈ ಕಡೆಗೆ 5 ಡಿಗ್ರಿಯಿಂದ ಹಿಂಗೈ ಕಡೆಗೆ 30 ಡಿಗ್ರಿಯವರೆಗಿನ ಸಣ್ಣ ವ್ಯಾಪ್ತಿಯಲ್ಲಿಯೇ ಅವು ನಡೆದುಹೋಗುತ್ತವೆ. ನಿಸರ್ಗವು ಕೈಗೆ ಬೇಕಾದುದಕ್ಕಿಂತ ಹೆಚ್ಚಿನ ಚಲನೆಯನ್ನು ಕೊಟ್ಟಿದೆ. ಆ ಹೆಚ್ಚಿನ ಅಂಚಿನಲ್ಲಿ ಕೈಯನ್ನು ದಿನವಿಡೀ ಇಟ್ಟು ದುಡಿಯುವುದೇ ಅನೇಕ ನೋವುಗಳ ಮೂಲ.

ಇನ್ನು ಅಂಗೈಯನ್ನು ಮೇಲೆ ಕೆಳಗೆ ಮಾಡುವ ತಿರುವು. ಬಹಳ ಜನ ಇದನ್ನು ಮಣಿಕಟ್ಟಿನ ಚಲನೆಯೆಂದೇ ತಿಳಿದಿದ್ದಾರೆ. ಎಡಗೈಯಿಂದ ಬಲ ಮುಂಗೈಯ ಎರಡೂ ಎಲುಬುಗಳನ್ನು ಮಣಿಕಟ್ಟಿನ ಮೇಲ್ಭಾಗದಲ್ಲಿ ಬಿಗಿಯಾಗಿ ಹಿಡಿದು, ಬಲ ಅಂಗೈಯನ್ನು ತಿರುಗಿಸಲು ಯತ್ನಿಸಿರಿ. ಅದು ತಿರುಗುವುದು ಅತ್ಯಲ್ಪ. ಏಕೆಂದರೆ ತಿರುವು ಹುಟ್ಟುವುದು ಮುಂಗೈಯಲ್ಲಿ. ಇಷ್ಟಲಿಂಗವನ್ನು ಹಿಡಿದಾಗ ರೇಡಿಯಸ್ ಮತ್ತು ಅಲ್ನಾ ಅಕ್ಕಪಕ್ಕದಲ್ಲಿ ಸಮನಾಗಿ ನಿಂತಿರುತ್ತವೆ. ರೊಟ್ಟಿ ಬಡಿಯಲು ಅಂಗೈಯನ್ನು ಕೆಳಮುಖ ಮಾಡಿದಾಗ ರೇಡಿಯಸ್ ಎಲುಬು ಅಂಗೈಯನ್ನೂ ತನ್ನೊಡನೆ ಕರೆದುಕೊಂಡು ಅಲ್ನಾದ ಮೇಲೆ ಅಡ್ಡಲಾಗಿ ಹಾಯುತ್ತದೆ. ಅಂಗೈ ರೇಡಿಯಸ್ಸಿನ ಬೆನ್ನೇರಿದ ಸವಾರ. ಕೈಯ ಮೇಲೆ ಭಾರ ಬಿದ್ದಾಗಲೂ ಹಾಗೆಯೇ: ನೇರವಾಗಿರುವ ಮಣಿಕಟ್ಟಿನಲ್ಲಿ ಸುಮಾರು ಶೇಕಡಾ 80ರಷ್ಟು ಭಾರ ರೇಡಿಯಸ್ ಮೂಲಕ, ಉಳಿದ 20ರಷ್ಟು ಅಲ್ನಾದ ತುದಿಯಲ್ಲಿರುವ ಮೆತ್ತನೆಯ ಬಿಲ್ಲೆಯ ಮೂಲಕ ಸಾಗುತ್ತದೆ. ಬಿದ್ದಾಗ ರೇಡಿಯಸ್ ಹೆಚ್ಚಾಗಿ ಮುರಿಯುವುದೇಕೆ ಎಂಬುದಕ್ಕೆ ಇಲ್ಲಿಯೇ ಉತ್ತರವಿದೆ.

ಕುಡುಗೋಲು ಬೀಸುವಾಗ, ಸುತ್ತಿಗೆ ಹೊಡೆಯುವಾಗ, ಕೈಯಿಂದ ಬೀಜ ಎರಚುವಾಗ ಮಣಿಕಟ್ಟು ಓರೆಯಾದ ಒಂದು ದಾರಿಯಲ್ಲಿ ಚಲಿಸುತ್ತದೆ: ಮೊದಲು ಹಿಂಗೈ ಮತ್ತು ಹೆಬ್ಬೆರಳ ಕಡೆಗೆ ಎತ್ತಿ, ಅಲ್ಲಿಂದ ಅಂಗೈ ಮತ್ತು ಕಿರುಬೆರಳ ಕಡೆಗೆ ಇಳಿಯುತ್ತದೆ. ಈ ಓರೆ ಚಲನೆಯಲ್ಲಿ ಮುಂಗೈಗೆ ಹತ್ತಿರದ ಸಾಲು ಹೆಚ್ಚು ಅಲುಗದೆ ನಿಲ್ಲುತ್ತದೆ. ಎರಡು ಸಾಲುಗಳ ನಡುವಣ ಕೀಲೇ ಹೆಚ್ಚಿನ ಕೆಲಸ ಮಾಡುತ್ತದೆ. ಮನುಷ್ಯನ ಕೈ ಉಪಕರಣ ಹಿಡಿದು ದುಡಿಯಲು ಎಷ್ಟು ಒಗ್ಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ದೂರದಿಂದ ಎಳೆಯುವ ಹುರಿಗಳು

ಮಣಿಕಟ್ಟಿನ ಸುತ್ತಳತೆ ಅಷ್ಟು ಸಣ್ಣದಾಗಿರುವುದೇಕೆ? ಬೆರಳುಗಳನ್ನು ಬಲವಾಗಿ ಮಡಿಚುವ, ಚಾಚುವ ದೊಡ್ಡ ಮಾಂಸಖಂಡಗಳು ಅಲ್ಲಿಲ್ಲ. ಅವು ಮೊಣಕೈಯ ಸಮೀಪ ಮುಂಗೈಯಲ್ಲಿವೆ. ಎಡಗೈಯ ಬೆರಳುಗಳನ್ನು ಬಲ ಮೊಣಕೈಯ ಕೆಳಗೆ ಇರಿಸಿ ಬಲಗೈಯ ಬೆರಳುಗಳನ್ನು ಆಡಿಸಿರಿ. ಮಾಂಸಖಂಡಗಳು ಚರ್ಮದಡಿ ಮಿಡುಕುವುದು ತಿಳಿಯುತ್ತದೆ. ಅವುಗಳಿಂದ ಹೊರಟ ಬಿಳಿಯ ಗಟ್ಟಿ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಮಣಿಕಟ್ಟನ್ನು ದಾಟಿ ಬೆರಳುಗಳಿಗೆ ಹೋಗುತ್ತವೆ. ತೊಗಲುಗೊಂಬೆಯನ್ನು ಪರದೆಯ ಹಿಂದಿನ ಕಲಾವಿದ ಕೋಲು ಹಿಡಿದು ಆಡಿಸುವಂತೆ, ಮುಂಗೈ ದೂರದಲ್ಲಿದ್ದುಕೊಂಡು ಬೆರಳನ್ನು ಆಡಿಸುತ್ತದೆ. ಇನ್ನೂ ಸೋಜಿಗವೆಂದರೆ ಸ್ಕೇಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಲ್ ಎಂಬ ಮೂರು ಎಲುಬುಗಳಿಗೆ ಯಾವ ಹುರಿಯೂ ನೇರವಾಗಿ ಅಂಟಿಲ್ಲ. ಅಕ್ಕಪಕ್ಕದ ಎಲುಬುಗಳು ಒತ್ತಿದಂತೆ, ನಾರುಕಟ್ಟುಗಳು ಜಗ್ಗಿದಂತೆ ಅವು ಚಲಿಸುತ್ತವೆ. ಆದುದರಿಂದ ಒಂದು ನಾರುಕಟ್ಟು ಹರಿದರೂ ಇಡೀ ಸಾಲಿನ ಹೊಂದಾಣಿಕೆ ಕೆಡುತ್ತದೆ.

ಇಲ್ಲಿಯೇ ಕುಳಿತು ಮಾಡಬಹುದಾದ ಇನ್ನೊಂದು ಪರೀಕ್ಷೆ. ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಬಾಗಿಸಿ ಮುಷ್ಟಿ ಬಿಗಿಯಿರಿ. ಹಿಡಿತ ಬಾರದು. ಈಗ ಹಿಂಗೈ ಕಡೆಗೆ ಸ್ವಲ್ಪವೇ ಎತ್ತಿ ಮುಷ್ಟಿ ಬಿಗಿಯಿರಿ; ಬೆರಳುಗಳು ತಾವಾಗಿಯೇ ಮಡಿಚಿ ಹಿಡಿತ ಗಟ್ಟಿಯಾಗುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಬೆರಳು ಮಡಿಚುವ ಹುರಿಗಳು ಬಿಗಿಯಾಗುತ್ತವೆ; ಮುಂದಕ್ಕೆ ಬಾಗಿದಾಗ ಅವು ಸಡಿಲಗೊಂಡು ಮಾಂಸಖಂಡಕ್ಕೆ ಎಳೆಯಲು ಬಲ ಸಾಲದಾಗುತ್ತದೆ. ಸಲಿಕೆ, ಕುಡುಗೋಲು, ಹಾಲು ಕರೆಯುವ ಕೈ ಎಲ್ಲಕ್ಕೂ ಈ ನಿಯಮ ಅನ್ವಯಿಸುತ್ತದೆ. ಸುಮಾರು 20ರಿಂದ 35 ಡಿಗ್ರಿ ಹಿಂದಕ್ಕೆ ಎತ್ತಿದ ಮಣಿಕಟ್ಟಿನಲ್ಲಿ ಹಿಡಿತ ಅತ್ಯಂತ ಬಲವಾಗಿರುತ್ತದೆ.

ರಟ್ಟೆ ಸೊರಗಿದ್ದರೂ ಮಣಿಕಟ್ಟು ಎಂತಹ ಸಾಧನೆ ಮಾಡಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉದಾಹರಣೆಯುಂಟು. ಮೈಸೂರಿನಲ್ಲಿ 1945ರಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ಬಾಲ್ಯದಲ್ಲಿಯೇ ಪೋಲಿಯೋ ಕ್ಷೀಣಗೊಳಿಸಿತ್ತು. ಅದೇ ಕೈಯ ಮಣಿಕಟ್ಟಿನ ತಿರುವಿನಿಂದ ಅವರು ಚೆಂಡೆಸೆದು 58 ಟೆಸ್ಟ್ ಪಂದ್ಯಗಳಲ್ಲಿ 242 ವಿಕೆಟ್ ಪಡೆದರು. 1971ರಲ್ಲಿ ಇಂಗ್ಲೆಂಡಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಭಾರತಕ್ಕೆ ಗೆಲುವು ತಂದವರು ಅವರೇ. ಕಾಲು, ಸೊಂಟ, ಹೆಗಲುಗಳಿಂದ ಹರಿದುಬಂದ ವೇಗಕ್ಕೆ ಕೊನೆಯ ಕೊಂಡಿಯಾಗಿ ಮಣಿಕಟ್ಟು ತನ್ನ ತಿರುವನ್ನು ಸೇರಿಸುತ್ತದೆ. ಕೊನೆಯ ಕೊಂಡಿ ಸರಿಯಾಗಿದ್ದರೆ ಹಿಂದಿನ ಶ್ರಮವೆಲ್ಲ ಸಾರ್ಥಕ.

ಇಕ್ಕಟ್ಟಿನ ಸುರಂಗ

ಎಂಟು ಎಲುಬುಗಳು ಅಂಗೈಯ ಕಡೆಗೆ ತೊಟ್ಟಿಲಿನಂತೆ ಕಮಾನಾಗಿ ಬಾಗಿವೆ. ಆ ತೊಟ್ಟಿಲಿನ ಮೇಲೆ ಗಟ್ಟಿಯಾದ ನಾರುಪಟ್ಟಿಯೊಂದು ಛಾವಣಿಯಾಗಿ ಹಾಸಿದೆ. ಹೀಗೆ ಉಂಟಾದ ಸುರಂಗವನ್ನು ವೈದ್ಯರು ಕಾರ್ಪಲ್ ಟನಲ್ ಎನ್ನುತ್ತಾರೆ. ಬೆರಳು ಮಡಿಚುವ ಒಂಬತ್ತು ಹುರಿಗಳು ಮತ್ತು ಮೀಡಿಯನ್ ಎಂಬ ಒಂದು ನರ ಇದರೊಳಗೆ ಒತ್ತೊತ್ತಾಗಿ ಹಾಯುತ್ತವೆ. ಗೋಡೆ ಎಲುಬಿನದು, ಛಾವಣಿ ನಾರಿನದು. ಒಳಗೆ ಸ್ವಲ್ಪ ಬಾವು ಬಂದರೂ ಹಿಗ್ಗಲು ಜಾಗವಿಲ್ಲ. ಮೆತ್ತಗಿರುವ ನರವೇ ಮೊದಲು ಹಿಸುಕಿಕೊಳ್ಳುತ್ತದೆ. ಮಣಿಕಟ್ಟನ್ನು ಅತಿಯಾಗಿ ಮುಂದಕ್ಕೆ ಅಥವಾ ಹಿಂದಕ್ಕೆ ಬಾಗಿಸಿದಾಗ ಒಳಗಿನ ಒತ್ತಡ ಮತ್ತಷ್ಟು ಏರುತ್ತದೆ.

ನಮ್ಮ ರಾಣೆಬೆನ್ನೂರು, ಹಿರೇಕೆರೂರು, ರಟ್ಟೀಹಳ್ಳಿ ಸೀಮೆ ಸಂಕರಣ ಬೀಜೋತ್ಪಾದನೆಗೆ ಹೆಸರಾದುದು. ಹತ್ತಿಯ ಹೊಲದಲ್ಲಿ ಸಂಜೆ ಮೊಗ್ಗು ಬಿಡಿಸಿ ಗಂಡುಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವುದು. ಜನ ಕ್ರಾಸಿಂಗ್ ಎಂದು ಕರೆಯುವ ಈ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಬೆರಳುಗಳಿಂದಲೇ ನಡೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ತೆಗೆಯುವ ಕೆಲಸವೂ ಅಂಥದೇ. ಭಾರವೇನೂ ಇಲ್ಲ, ಆದರೆ ಮಣಿಕಟ್ಟು ಬಾಗಿದ್ದು, ಬೆರಳ ಚಿವುಟುವಿಕೆ ಗಂಟೆಗಟ್ಟಲೆ ಸಾಗುತ್ತದೆ. ರಾತ್ರಿ ಮಲಗಿದ ಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ನಿದ್ದೆಗೆಡಿಸುತ್ತವೆ. ಎದ್ದು ಕೈ ಕೊಡವಿದರೆ ತುಸು ಹಗುರವೆನಿಸುತ್ತದೆ. ಕಿರುಬೆರಳಿಗೆ ಮಾತ್ರ ಏನೂ ಆಗಿರುವುದಿಲ್ಲ, ಏಕೆಂದರೆ ಅದರ ನರ ಈ ಸುರಂಗದಲ್ಲಿ ಹಾಯುವುದಿಲ್ಲ. ಇದು ಮೀಡಿಯನ್ ನರ ಒತ್ತಿಕೊಂಡಿರುವುದರ ಸ್ಪಷ್ಟ ಸೂಚನೆ. ಎರಡೂ ಹಿಂಗೈಗಳನ್ನು ಎದೆಯ ಮುಂದೆ ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿ ಒಂದು ನಿಮಿಷ ಹಿಡಿದಾಗ ಜೋಮು ಮರುಕಳಿಸಿದರೆ ಸಂದೇಹ ಬಲವಾಗುತ್ತದೆ.

ಗರ್ಭಿಣಿಯರಲ್ಲಿ, ಮಧುಮೇಹ ಮತ್ತು ಥೈರಾಯ್ಡ್ ಕೊರತೆಯುಳ್ಳವರಲ್ಲಿ ಈ ತೊಂದರೆ ಹೆಚ್ಚು. ಕೈಯ ಎಲ್ಲ ಜೋಮಿಗೂ ಇದೇ ಕಾರಣವಲ್ಲ. ಕುತ್ತಿಗೆಯ ನರ ಒತ್ತಿದರೂ ಜೋಮು ಬರುತ್ತದೆ. ಆದುದರಿಂದ ವೈದ್ಯರ ಪರೀಕ್ಷೆ ಅಗತ್ಯ. ಮೊದಲ ಹಂತದಲ್ಲಿ ರಾತ್ರಿ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿ ಧರಿಸಿದರೆ ಅನೇಕರಿಗೆ ಗುಣವಾಗುತ್ತದೆ. ತಡಮಾಡಿದರೆ ಹೆಬ್ಬೆರಳ ಬುಡದ ಮಾಂಸ ಕರಗುತ್ತದೆ, ಗುಂಡಿ ಹಾಕುವುದೂ ಸೂಜಿ ಹಿಡಿಯುವುದೂ ಕಷ್ಟವಾಗುತ್ತದೆ. ಆಗ ನಾರಿನ ಛಾವಣಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವ ಚಿಕ್ಕ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕರಗಿದ ಮಾಂಸ ಮರಳುವುದೆಂಬ ಭರವಸೆ ಆಗ ಇರುವುದಿಲ್ಲ. ‘ಕೆಲಸದ ಕೈ, ಜೋಮು ಇದ್ದದ್ದೇ’ ಎಂದು ನಮ್ಮ ತಾಯಂದಿರು ಸಹಿಸಿಕೊಂಡು ಸುಮ್ಮನಿರುವುದು ತಾಳ್ಮೆಯಲ್ಲ, ಕೈಗೆ ಬಗೆಯುವ ಅನ್ಯಾಯ.

ಬಿದ್ದಾಗ ಉಳುಕೆಂದು ಉಪೇಕ್ಷಿಸದಿರಿ

ಬೀಳುವಾಗ ಕೈಯೂರುವುದು ದೇಹದ ಸಹಜ ಪ್ರವೃತ್ತಿ. ಆಗ ಮೈಭಾರವೆಲ್ಲ ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮುಟ್ಟು ನಿಂತ ತಾಯಂದಿರಲ್ಲಿ ಎಲುಬು ಟೊಳ್ಳಾಗಿರುವುದರಿಂದ ಬಚ್ಚಲಲ್ಲಿ ಜಾರಿದರೂ ರೇಡಿಯಸ್ಸಿನ ತುದಿ ಮುರಿಯಬಹುದು. ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಈ ಮುರಿತವನ್ನು 1814ರಲ್ಲಿಯೇ ವಿವರಿಸಿದ್ದರು. ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದುದು 1895ರಲ್ಲಿ. ಅಂದರೆ ಎಲುಬನ್ನು ಕಣ್ಣಾರೆ ಕಾಣುವ ಸಾಧನ ಬರುವುದಕ್ಕೆ ಎಂಬತ್ತು ವರ್ಷ ಮೊದಲು, ಕೈಯ ಆಕಾರವನ್ನು ನೋಡಿಯೇ ಅವರು ಅದನ್ನು ಗುರುತಿಸಿದ್ದರು. ಇಂಥ ಮುರಿತವಾದ ತಾಯಂದಿರು ಎಲುಬಿನ ಗಟ್ಟಿತನವನ್ನೂ ಪರೀಕ್ಷಿಸಿಕೊಳ್ಳುವುದು ಒಳಿತು. ಮುಂದೆ ಸೊಂಟದ ಬಳಿಯ ಎಲುಬು ಮುರಿಯದಂತೆ ಕಾಯ್ದುಕೊಳ್ಳಲು ಅದು ಮುನ್ನೆಚ್ಚರಿಕೆ.

ಯುವಕರಲ್ಲಿ ಹೆಚ್ಚಾಗಿ ಮುರಿಯುವುದು ದೋಣಿಯಾಕಾರದ ಸ್ಕೇಫಾಯ್ಡ್. ಇದರ ಮುರಿತ ಮೋಸಗಾರ. ಬಾವು ಅಲ್ಪ, ಬೆರಳುಗಳು ಆಡುತ್ತವೆ, ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರುವುದೂ ಉಂಟು. ನಮ್ಮ ಪರಿಚಯದ ಯುವಕನೊಬ್ಬ ಬೈಕಿನಿಂದ ಬಿದ್ದು, ಉಳುಕೆಂದು ತಿಳಿದು ಎರಡು ತಿಂಗಳು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡ. ಕಡೆಗೆ ಸಲಿಕೆ ಎತ್ತಲಾಗದೆ ವೈದ್ಯರ ಬಳಿ ಹೋದಾಗ ಎಲುಬು ಕೂಡಿಯೇ ಇರಲಿಲ್ಲ. ಸ್ಕೇಫಾಯ್ಡಿಗೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ನಿಂತಂತೆ ಅದು ಒಣಗುತ್ತದೆ. ಆದುದರಿಂದ ಬಿದ್ದ ಮೇಲೆ ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಎರಡು ಹುರಿಗಳ ನಡುವೆ ಕಾಣುವ ಕುಳಿಯನ್ನು ಒತ್ತಿ ನೋಡಬೇಕು. ಅಲ್ಲಿ ನೋವಿದ್ದರೆ, ಎಕ್ಸ್‌ರೇ ಸರಿಯಾಗಿದೆ ಎಂದರೂ, ಕೈಯನ್ನು ಅಲುಗದಂತೆ ಕಟ್ಟಿಸಿಕೊಂಡು 10ರಿಂದ 14 ದಿನಗಳೊಳಗೆ ಮತ್ತೆ ತೋರಿಸಬೇಕು.

ನಾಟಿ ವೈದ್ಯರ ಸೇವಾಭಾವದ ಬಗ್ಗೆ ನಮಗೆ ಗೌರವವಿದೆ. ಆದರೆ ಮುರಿದಿರಬಹುದಾದ ಮಣಿಕಟ್ಟನ್ನು ಎಳೆಯುವುದು, ತಿಕ್ಕುವುದು, ಬಿದಿರಿನ ಸೀಳಿಟ್ಟು ಬಿಗಿಯಾಗಿ ಸುತ್ತುವುದು ಅಪಾಯಕರ. ಬಿಗಿ ಕಟ್ಟಿನಿಂದ ರಕ್ತ ಸಂಚಾರ ನಿಂತು ಕೈಯೇ ಕೆಡಬಹುದು. ಕಟ್ಟಿದ ಮೇಲೆ ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ತಾಳಲಾರದ ನೋವಾದರೆ ಒಂದು ಗಂಟೆಯೂ ಕಾಯದೆ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು. ಬಿದ್ದ ತಕ್ಷಣ ಮಾಡಬೇಕಾದುದು ಸರಳ: ಬಾವು ಏರುವ ಮುನ್ನ ಬಳೆ, ಉಂಗುರಗಳನ್ನು ತೆಗೆಯಿರಿ. ಬಳೆ ತೆಗೆಯಲು ಅಳುಕುವ ತಾಯಂದಿರಿಗೆ ಮನೆಯವರು ತಿಳಿಹೇಳಬೇಕು. ಬಳೆಯನ್ನು ಮತ್ತೆ ತೊಡಬಹುದು. ದಿನಪತ್ರಿಕೆಯನ್ನು ದಪ್ಪಗೆ ಮಡಿಚಿ ಮುಂಗೈಯಡಿ ಇರಿಸಿ, ಬಟ್ಟೆಯಿಂದ ಹಗುರವಾಗಿ ಕಟ್ಟಿ, ಕೈಯನ್ನು ಕೊರಳಿಗೆ ಜೋಲಿಯಾಗಿಸಿ ಎಕ್ಸ್‌ರೇ ಸೌಲಭ್ಯವಿರುವೆಡೆಗೆ ಕರೆದೊಯ್ಯಿರಿ.

ನಿತ್ಯದ ಎಚ್ಚರ

ಕೆಲಸ ಬಿಡಿರೆಂದು ನಾವು ಹೇಳುವುದಿಲ್ಲ. ಕಾಯಕವೇ ಬದುಕಾದವರಿಗೆ ಅದು ಒಪ್ಪುವ ಮಾತೂ ಅಲ್ಲ. ಕೆಲಸದ ರೀತಿಯಲ್ಲಿ ಚಿಕ್ಕ ಬದಲಾವಣೆ ಸಾಕು. ಮೆಣಸಿನಕಾಯಿಯ ರಾಶಿಯನ್ನು ನೆಲದಲ್ಲಿರಿಸದೆ ಮಣೆಯ ಮೇಲೆ ಎತ್ತರಿಸಿಕೊಂಡರೆ ಮಣಿಕಟ್ಟು ನೇರವಾಗಿರುತ್ತದೆ. ಕುಡುಗೋಲು, ಸಲಿಕೆಗಳ ಹಿಡಿ ತೀರ ಸಣ್ಣದಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿರಿ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ಬಿಡುವು ಪಡೆಯಲಿ. ಮುಷ್ಟಿ ಬಿಚ್ಚಿ ಬೆರಳುಗಳನ್ನು ಚಾಚಿ, ಮಣಿಕಟ್ಟನ್ನು ನಾಲ್ಕೂ ಕಡೆಗೆ ಮೆಲ್ಲಗೆ ಬಾಗಿಸಿರಿ. ತುಂಬಿದ ಕೊಡವನ್ನು ಬೆರಳಲ್ಲಿ ಜೋಲಾಡಿಸುವುದಕ್ಕಿಂತ ಸೊಂಟಕ್ಕೋ ಎದೆಗೋ ಆನಿಸಿಕೊಳ್ಳುವುದು ಲೇಸು. ಬಾಣಂತಿಯರು ಕೂಸನ್ನು ಕಂಕುಳಲ್ಲಿ ಹೆಬ್ಬೆರಳು ಸಿಕ್ಕಿಸಿ ಎತ್ತುವ ಬದಲು ಎರಡೂ ಅಂಗೈಗಳನ್ನು ಅಡಿಗೆ ಹಾಸಿ ಎತ್ತಿದರೆ ಹೆಬ್ಬೆರಳ ಬುಡದ ಹುರಿಗಳಿಗೆ ಬಾವು ಬರುವುದು ತಪ್ಪುತ್ತದೆ. ಮಲಗುವಾಗ ಕೈಯನ್ನು ತಲೆಯಡಿ ಮಡಿಚಿಕೊಳ್ಳದಿರಿ. ಎಲುಬು ಮುರಿದು ಕಟ್ಟು ಹಾಕಿಸಿಕೊಂಡವರು ವೈದ್ಯರು ಹೇಳಿದಂತೆ ಬೆರಳು, ಮೊಣಕೈ, ಹೆಗಲುಗಳನ್ನು ಆಡಿಸುತ್ತಿರಲಿ. ಇಲ್ಲವಾದರೆ ಎಲುಬು ಕೂಡಿದರೂ ಕೈ ಬಿಗಿದುಕೊಳ್ಳುತ್ತದೆ.

ನಾಳೆ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡಾಗ, ಅದನ್ನು ಹೊತ್ತ ಈ ಎಂಟು ಎಲುಬುಗಳ ಪೀಠವನ್ನೂ ಒಂದು ಕ್ಷಣ ನೆನೆಯೋಣ. ಪೂಜೆಯಲ್ಲಿ ನಾವು ಅದನ್ನು ಹೇಗೆ ಹಿಡಿಯುತ್ತೇವೆಯೋ, ನೇರವಾಗಿ, ನಿರಾಯಾಸವಾಗಿ, ಅದೇ ಸ್ಥಿತಿಯಲ್ಲಿ ಕಾಯಕದಲ್ಲಿಯೂ ಆದಷ್ಟು ಹೊತ್ತು ಹಿಡಿಯುವುದನ್ನು ರೂಢಿಸಿಕೊಂಡರೆ ರಟ್ಟೆಯ ಬಲ ಬೆರಳಿಗೆ ತಪ್ಪದೆ ಬಂದು ಸೇರುತ್ತದೆ. ಮನೆಯಲ್ಲಿ ರಾತ್ರಿ ಎದ್ದು ಕೈ ಕೊಡವಿಕೊಳ್ಳುವವರು ಯಾರಾದರೂ ಇದ್ದರೆ, ಈ ಸುಗ್ಗಿ ಮುಗಿಯಲೆಂದು ಕಾಯದೆ, ಈ ವಾರವೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ.